ಹಂಪಿಗೆ ಮಕ್ಕಳನ್ನು ಕರೆತರುವವರು ಬಸ್ಸನ್ನು ಮುಂದೆ ಕಳಿಸಿಬಿಡಿ

ಮಾನ್ಯ ಸಂಪಾದಕರೇ,

ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗುತ್ತದೆ. ನವೆಂಬರಿನಿಂದ ಜನವರಿ ಕೊನೆಯವರೆಗೆ ರಾಜ್ಯದ ಎಲ್ಲ ಮೂಲೆಗಳಿಂದ ಹಂಪಿಗೆ ಮಕ್ಕಳ ಬಸ್ಸುಗಳು ಬರುತ್ತವೆ. ಊರು ಬೇರೆಯಾದರೂ ವೇಳಾಪಟ್ಟಿ ಹೆಚ್ಚೂಕಡಿಮೆ ಒಂದೇ. ರಾತ್ರಿಯಿಡೀ ಪ್ರಯಾಣ, ಹೊಸಪೇಟೆಯಲ್ಲೋ ದಾರಿಯಲ್ಲೋ ಮುಖ ತೊಳೆದು ತಿಂಡಿ, ಹನ್ನೊಂದರ ಹೊತ್ತಿಗೆ ವಿರೂಪಾಕ್ಷ, ನೆತ್ತಿ ಸುಡುವಾಗ ವಿಠ್ಠಲ, ಸಂಜೆಗೆ ತುಂಗಭದ್ರಾ ಡ್ಯಾಮಿನ ಕಾರಂಜಿ, ಊಟ ಮಾಡಿ ವಾಪಸ್. ಐವತ್ತು ಮಕ್ಕಳು ಮುನ್ನೂರು, ನಾನೂರು ಕಿಲೋಮೀಟರ್ ದೂರದಿಂದ ಬಂದು ನೋಡುವುದು ಎರಡು ಗುಡಿ ಮತ್ತು ಐವತ್ತು ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥ. ಅದು ಒಂದು ಪಟ್ಟಣವಾಗಿತ್ತು, ಅಲ್ಲಿ ಜನ ನೀರು ಸೇದುತ್ತಿದ್ದರು, ಪೇಟೆಗೆ ನಡೆದು ಹೋಗುತ್ತಿದ್ದರು ಎಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಈ ಸಲ ಪ್ರವಾಸ ಗೊತ್ತುಮಾಡುವ ಮುಖ್ಯೋಪಾಧ್ಯಾಯರು, ಶಿಕ್ಷಕರು, ಮಕ್ಕಳೊಂದಿಗೆ ಬರುವ ತಂದೆತಾಯಂದಿರು ಓದಲಿ ಎಂದು ಈ ಪತ್ರ.

ಮೊದಲು ತಿಳಿಯಬೇಕಾದದ್ದು ಒಂದು ಸರಳ ಅಳತೆ. ವಿರೂಪಾಕ್ಷ ದೇವಸ್ಥಾನದಿಂದ ವಿಠ್ಠಲ ದೇವಸ್ಥಾನಕ್ಕೆ ಹೊಳೆಯ ದಂಡೆ ಹಿಡಿದು ನಡೆದರೆ ಸುಮಾರು 2 ಕಿ.ಮೀ. ಅದೇ ಬಸ್ಸಿನಲ್ಲಿ ಹೋಗಬೇಕಾದರೆ ಕಮಲಾಪುರಕ್ಕೆ ಬಂದು, ತಳವಾರಘಟ್ಟದ ರಸ್ತೆ ಹಿಡಿದು ಸುತ್ತಬೇಕು, ಹತ್ತಿರ ಹತ್ತಿರ 10 ಕಿ.ಮೀ. ಆಗುತ್ತದೆ. ಅಲ್ಲಿಗೂ ಬಸ್ಸು ಗುಡಿಯ ಬಾಗಿಲಿಗೆ ಹೋಗುವುದಿಲ್ಲ. ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ, ಉಳಿದ ಒಂದು ಕಿಲೋಮೀಟರಿಗೆ ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಲ್ಲಬೇಕು. ಪ್ರವಾಸದ ದಿನಗಳಲ್ಲಿ ಆ ಸಾಲೇ ಮಕ್ಕಳ ಹೊತ್ತನ್ನು ತಿಂದುಹಾಕುತ್ತದೆ. ಹಾಗಾಗಿ ನಮ್ಮ ಸಲಹೆ ಇಷ್ಟೇ: ಮಕ್ಕಳನ್ನು ಹಂಪಿಯಲ್ಲಿ ಇಳಿಸಿ, ಬಸ್ಸನ್ನು ಊಟದ ಪಾತ್ರೆಗಳ ಸಮೇತ ವಿಠ್ಠಲದ ಪಾರ್ಕಿಂಗಿಗೆ ಖಾಲಿ ಕಳಿಸಿಬಿಡಿ. ಮಕ್ಕಳು ನಡೆದು ಬರಲಿ.

ಈ ನಡಿಗೆಗೆ ಬೆಳಿಗ್ಗೆ ಏಳಕ್ಕೆಲ್ಲ ಹಂಪಿಯಲ್ಲಿರಬೇಕು. ಮೊದಲು ಹೇಮಕೂಟ ಹತ್ತಿಸಿ. ಇಳಿಜಾರು ಬಂಡೆ, ಹತ್ತಲು ಹತ್ತು ನಿಮಿಷ ಸಾಕು. ಮೇಲೆ ನಿಂತರೆ ವಿರೂಪಾಕ್ಷನ ಒಂಬತ್ತು ಅಂತಸ್ತಿನ ಗೋಪುರ, ಅದರ ಮುಂದೆ ನೇರ ಪೂರ್ವಕ್ಕೆ ಹೋಗುವ ರಥಬೀದಿ, ಬೀದಿಯ ಕೊನೆಗೆ ಮತಂಗ ಪರ್ವತ, ಎಡಕ್ಕೆ ಹೊಳೆ, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಪಾಠಪುಸ್ತಕದ ನಕ್ಷೆಯನ್ನು ಇಲ್ಲಿ ಬಿಡಿಸಿ ತೋರಿಸಿದರೆ ಮಕ್ಕಳಿಗೆ ದಿನವಿಡೀ ದಿಕ್ಕು ತಪ್ಪುವುದಿಲ್ಲ. ಹೇಮಕೂಟದ ಮೇಲಿರುವ, ಮೆಟ್ಟಿಲು ಮೆಟ್ಟಿಲಾದ ಶಿಖರದ ಪುಟ್ಟ ಗುಡಿಗಳನ್ನು ಜೈನ ಬಸದಿಗಳೆಂದು ಹೇಳುವ ರೂಢಿ ಬಿದ್ದುಹೋಗಿದೆ. ಅವು ಶಿವನ ಗುಡಿಗಳು. ಕೆಲವು ವಿಜಯನಗರ ಹುಟ್ಟುವುದಕ್ಕಿಂತ ಮುಂಚಿನವು. ಮೂರು ಗರ್ಭಗುಡಿಗಳ ಒಂದು ತ್ರಿಕೂಟವನ್ನು ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲದೇವ ಕಟ್ಟಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. 1336ಕ್ಕೆ ಮೊದಲೂ ಇಲ್ಲಿ ಊರಿತ್ತು, ದೇವರಿದ್ದ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ವಿರೂಪಾಕ್ಷದಲ್ಲಿ ದರ್ಶನವಾದ ಮೇಲೆ ಗರ್ಭಗುಡಿಯ ಹಿಂಬದಿಯ ಕತ್ತಲೆ ಕೋಣೆಗೆ ಹತ್ತು ಹತ್ತು ಮಕ್ಕಳಂತೆ ಕಳಿಸಿ. ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಗೋಪುರದ ತುದಿಯಿಂದ ಬಂದ ಕಿರಣ ಕಿಂಡಿ ದಾಟಿ ನೇರ ಕೆಳಗೆ ಹೋಗುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ. ವಿಜ್ಞಾನದ ಮೇಷ್ಟ್ರು ಬಂದಿದ್ದರೆ ಐದು ನಿಮಿಷ ಅವರಿಗೆ ಬಿಟ್ಟುಕೊಡಿ. ಎಲ್ಲರೂ ಒಟ್ಟಿಗೆ ನುಗ್ಗಿ ಕಿಂಡಿಗೆ ಅಡ್ಡ ನಿಂತರೆ ಏನೂ ಕಾಣುವುದಿಲ್ಲ. ಮೊಬೈಲಿನ ದೀಪ ಹಾಕಿದರೂ ಅಷ್ಟೇ. ರಂಗಮಂಟಪದ ಹತ್ತಿರವಿರುವ ಕೃಷ್ಣದೇವರಾಯನ 1510ರ ಶಾಸನವನ್ನೂ ಮರೆಯದೆ ತೋರಿಸಿ.

ಅಲ್ಲಿಂದ ರಥಬೀದಿ ಹಿಡಿದು ಬೀದಿಯ ಕೊನೆಯಲ್ಲಿರುವ ದೊಡ್ಡ ಕಲ್ಲಿನ ಬಸವ, ಎದುರುಬಸವಣ್ಣನವರೆಗೆ ನಡೆಯಿರಿ. ಮುಂದಕ್ಕೆ ಎರಡು ದಾರಿ. ನದಿಯಲ್ಲಿ ನೀರು ಕಡಿಮೆಯಿದ್ದಾಗ ಎಡಗಡೆಯ ದಾರಿ ಚೆಂದ. ಚಕ್ರತೀರ್ಥದ ಮಗ್ಗುಲಲ್ಲಿ ಕೋದಂಡರಾಮ, ಅದರ ಮೇಲ್ಗಡೆ ಯಂತ್ರೋದ್ಧಾರಕ ಹನುಮಂತ ಸಿಗುತ್ತಾನೆ. ನೀರು ಏರಿದ್ದರೆ ಆ ದಾರಿಯ ತಗ್ಗಿನ ಭಾಗ ಮುಳುಗುತ್ತದೆ. ಆಗ ಎದುರುಬಸವಣ್ಣನ ಪಕ್ಕದಲ್ಲಿರುವ ಕಲ್ಲಿನ ಮೆಟ್ಟಿಲು ಹತ್ತಿ, ಗುಂಡುಗಳ ನಡುವಿನ ಕಣಿವೆ ದಾಟಿ ಅಚ್ಯುತರಾಯ ದೇವಸ್ಥಾನಕ್ಕೆ ಇಳಿಯಬಹುದು. ದೇವಸ್ಥಾನದ ಮುಂದಿನ ಅಗಲವಾದ ಪೇಟೆ ಉತ್ತರಕ್ಕೆ ಹೊಳೆಯ ಕಡೆ ಹೋಗಿ ಮೊದಲ ದಾರಿಗೆ ಕೂಡುತ್ತದೆ. ನಮ್ಮನ್ನು ಕೇಳಿದರೆ ನೀರು ಇಲ್ಲದಾಗಲೂ ಇದೇ ಒಳ್ಳೆಯದು. ಎರಡೂ ಕಡೆ ಕಂಬಗಳ ಸಾಲುಮಂಟಪ, ನಡುವೆ ಖಾಲಿ ಬೀದಿ, ಪಕ್ಕದಲ್ಲೊಂದು ಪುಷ್ಕರಣಿ. ಪೇಟೆ ಎಂದರೆ ಏನಿತ್ತು, ಎಷ್ಟು ದೊಡ್ಡದಿತ್ತು ಎಂದು ಮಕ್ಕಳು ತಾವೇ ಹೆಜ್ಜೆ ಹಾಕಿ ಅಳೆಯಬಹುದು. ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಇಷ್ಟು ತಿಳಿಯುವುದಿಲ್ಲ.

ಮುಂದೆ ಸುಗ್ರೀವನ ಗುಹೆ. ಆಮೇಲೆ ನದಿಯೊಳಗೆ ಸಾಲಾಗಿ ನಿಂತ ಗಿಡ್ಡ ಕಲ್ಲುಕಂಬಗಳು ಕಾಣುತ್ತವೆ. ಅವು ಹಳೆಯ ಸೇತುವೆಯ ಕಂಬಗಳು. ಆಚೆ ದಡದಲ್ಲಿ ಆನೆಗೊಂದಿ. ದಂಡೆಯ ತಗ್ಗಿನಲ್ಲಿ ಪುರಂದರ ಮಂಟಪ. ದಾರಿಯ ಕೊನೆಗೆ ಎರಡು ಕಂಬ ನಿಲ್ಲಿಸಿ ಮೇಲೊಂದು ತೊಲೆ ಇಟ್ಟ ರಾಯರ ತುಲಾಭಾರ. ತಕ್ಕಡಿ ತೂಗುಹಾಕಲು ತೊಲೆಯ ಅಡಿಯಲ್ಲಿ ಕಲ್ಲಿನಲ್ಲೇ ಕೊರೆದ ಬಳೆಗಳಿವೆ, ಮಕ್ಕಳಿಗೆ ಹುಡುಕಲು ಹೇಳಿ. ಐವತ್ತು ಮಕ್ಕಳೊಂದಿಗೆ ಈ ನಡಿಗೆಗೆ ನಿಂತು ನೋಡುವುದೂ ಸೇರಿ ಎರಡು ಗಂಟೆ ಇಟ್ಟುಕೊಳ್ಳಿ. ಮುಂದೊಬ್ಬರು, ಹಿಂದೊಬ್ಬರು, ನಡುವೆ ಇಬ್ಬರು ಶಿಕ್ಷಕರಿರಲಿ. ಎದುರುಬಸವಣ್ಣ, ಅಚ್ಯುತರಾಯ, ತುಲಾಭಾರ ಈ ಮೂರು ಕಡೆ ತಲೆ ಎಣಿಸಿ. ಗುಂಡುಗಳ ಸಂದಿಯಲ್ಲಿ ಬಳಸುದಾರಿಗಳು ಬಹಳ, ಹಿಂದೆ ಬಿದ್ದ ಮಕ್ಕಳು ಅಡ್ಡದಾರಿ ಹಿಡಿಯುವುದು ಅಲ್ಲಿಯೇ. ಒಬ್ಬೊಬ್ಬರ ಬಳಿ ಒಂದೂವರೆ ಲೀಟರ್ ನೀರಿರಬೇಕು. ದಾರಿಯಲ್ಲಿ ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಬಾಳೆಹಣ್ಣು, ಬಿಸ್ಕತ್ತಿನ ಪೊಟ್ಟಣ, ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಾಣಿಸಿದರೆ ಕೋತಿ ಬಿಡುವುದಿಲ್ಲ, ಬೆನ್ನಚೀಲದೊಳಗೆ ಇರಲಿ. ಕಾಲಿಗೆ ಹಿಡಿತವಿರುವ ಶೂ ಇರಲಿ. ಗುಡಿಗಳಲ್ಲಿ ಬರಿಗಾಲಲ್ಲಿ ನಡೆಯಬೇಕಾಗುವುದರಿಂದ ಒಂದು ಜೊತೆ ದಪ್ಪ ಕಾಲುಚೀಲ ಬೇಕೇ ಬೇಕು. ಚಳಿಗಾಲದಲ್ಲೂ ಹನ್ನೊಂದರ ಮೇಲೆ ಹಾಸುಗಲ್ಲು ಸುಡುತ್ತದೆ.

ಈ ದಾರಿಯಲ್ಲಿ ಬಂದವರು ವಿಠ್ಠಲವನ್ನು ಪಶ್ಚಿಮದಿಂದ ತಲುಪುತ್ತಾರೆ. ಟಿಕೆಟ್ಟು ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನವರಿಗೆ ಇಲ್ಲ. ದೊಡ್ಡವರ ಟಿಕೆಟ್ಟನ್ನು ಎಸೆಯಬೇಡಿ, ಅದೇ ದಿನ ಕಮಲಮಹಲಿನ ಆವರಣಕ್ಕೂ ಅದೇ ನಡೆಯುತ್ತದೆ. ಕಲ್ಲಿನ ರಥ ಒಂದೇ ಕಲ್ಲಿನದಲ್ಲ, ಹಲವು ಕಲ್ಲುಗಳನ್ನು ಸಂದು ಕಾಣದಂತೆ ಕೂಡಿಸಿ ಕಟ್ಟಿದ ಗರುಡನ ಗುಡಿ ಅದು. ಈಗಿರುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಬಾಲದ ಗುರುತು ಕಾಣುತ್ತದೆ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆ ಫೋಟೋದ ಪ್ರತಿಯೊಂದನ್ನು ತಂದು ಎದುರಿಗೆ ಹಿಡಿದು ತೋರಿಸಿದರೆ ಸಾಕು, ಪಾಳುಬೀಳುವುದು ಒಂದೇ ದಿನದಲ್ಲಿ, ಒಂದೇ ಯುದ್ಧದಲ್ಲಿ ಮುಗಿಯುವ ಕೆಲಸವಲ್ಲ ಎಂದು ಮಕ್ಕಳಿಗೆ ತಟ್ಟನೆ ಗೊತ್ತಾಗುತ್ತದೆ. 1565ರ ನಂತರವೂ ಮಳೆ, ಬೇರು, ನಿಧಿ ಹುಡುಕುವವರ ಹಾರೆ ಇವೆಲ್ಲ ಕೆಲಸ ಮಾಡಿವೆ.

ಸಪ್ತಸ್ವರದ ಕಂಬಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಕ್ಕಳು ಹಟ ಹಿಡಿಯುವುದು ಇಲ್ಲಿಯೇ. ಬಾರಿಸಬಾರದೆಂದು ನಿಷೇಧವಿದೆ. ಕಾರಣ ಹೇಳದೆ ಗದರಿದರೆ ಮಕ್ಕಳು ಮರೆಯಲ್ಲಿ ಬಾರಿಸುತ್ತಾರೆ. ದೊಡ್ಡ ಕಂಬದ ಸುತ್ತ ನಿಂತಿರುವ ಸಣ್ಣ ಕಂಬಗಳನ್ನೂ ಅದೇ ಬಂಡೆಯಲ್ಲಿ ಬಿಡಿಸಿದ್ದಾರೆ. ಅವು ತೆಳ್ಳಗಿರುವುದರಿಂದಲೇ ತಟ್ಟಿದಾಗ ಅದುರಿ ನಾದ ಬರುವುದು. ನಾಣ್ಯದಿಂದ, ಕಲ್ಲಿನಿಂದ ಹೊಡೆದ ಜಾಗದಲ್ಲಿ ಗ್ರಾನೈಟಿನ ಮೇಲ್ಪದರ ಸಣ್ಣ ಚಕ್ಕೆಯಾಗಿ ಏಳುತ್ತದೆ. ಆ ಚಕ್ಕೆಯ ಅಂಚಿನಿಂದ ನೀರು ಒಳಗಿಳಿಯುತ್ತದೆ. ನೂರಾರು ಕೈಗಳು ಒಂದೇ ಜಾಗಕ್ಕೆ ತಟ್ಟಿ ಎಷ್ಟೋ ಕಂಬಗಳಲ್ಲಿ ನಯ ಹಾರಿಹೋಗಿದೆ. ಇಷ್ಟು ಹೇಳಿದರೆ ಎಂಟನೇ ತರಗತಿಯ ಮಗುವಿಗೆ ಅರ್ಥವಾಗುತ್ತದೆ.

ಮಂಟಪಗಳ ಮೇಲೆ ಹತ್ತುವುದು, ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುವುದು ಇದಕ್ಕಿಂತ ಅಪಾಯ. ಹಂಪಿಯ ಸಾಲುಮಂಟಪಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ. ಕಂಬದ ಮೇಲೆ ಬೋದಿಗೆ ಎಂಬ ತಲೆಗಲ್ಲು, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಮೇಲಿನ ಭಾರವೇ ಕೆಳಗಿನದನ್ನು ಹಿಡಿದಿರುತ್ತದೆ. ಮೇಲಿನಿಂದ ಒತ್ತುವ ಭಾರವನ್ನು ಅದು ಶತಮಾನಗಟ್ಟಲೆ ತಡೆಯುತ್ತದೆ, ಪಕ್ಕದಿಂದ ಬೀಳುವ ತಳ್ಳುವಿಕೆಯನ್ನು ತಡೆಯುವುದಿಲ್ಲ. ಚಪ್ಪಡಿ ಬಿದ್ದುಹೋಗಿ ಒಂಟಿಯಾಗಿ ನಿಂತ ಕಂಬಕ್ಕಂತೂ ಹಿಡಿತವೇ ಇರುವುದಿಲ್ಲ. 2019ರ ಫೆಬ್ರುವರಿಯಲ್ಲಿ ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದಲ್ಲಿ ಅಂಥ ಕಂಬಗಳನ್ನು ಕೈಯಲ್ಲೇ ತಳ್ಳಿ ಉರುಳಿಸಿದ ವಿಡಿಯೊ ಎಲ್ಲರೂ ನೋಡಿದ್ದಾರೆ. ಹಾಗೆ ಉರುಳಿಸಿದ ನಾಲ್ವರು ಯುವಕರಿಗೂ ತಲಾ 70 ಸಾವಿರ ರೂಪಾಯಿ ದಂಡ ಹಾಕಿದ ಹೊಸಪೇಟೆಯ ನ್ಯಾಯಾಲಯ, ಅವರ ಕೈಯಿಂದಲೇ ಕಂಬಗಳನ್ನು ಎತ್ತಿ ನಿಲ್ಲಿಸಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ರಥಬೀದಿಯ ಸಾಲುಮಂಟಪದ ಒಂದು ಭಾಗ ತಾನಾಗಿಯೇ ಕುಸಿಯಿತು. ಬುಡದ ಮಣ್ಣು ನೀರು ಕುಡಿದು ಸಡಿಲವಾದರೆ ಕಂಬ ವಾಲುತ್ತದೆ, ಒಂದು ವಾಲಿದರೆ ತೊಲೆ ಜಾರುತ್ತದೆ. ಮಳೆ ಬಂದಾಗ ಮಕ್ಕಳನ್ನು ಇಂಥ ಮಂಟಪದೊಳಗೆ ನಿಲ್ಲಿಸಬೇಡಿ ಎಂದು ನಾವು ಪ್ರತಿ ವರ್ಷ ಬೇಡಿಕೊಳ್ಳುತ್ತೇವೆ. ನೆನೆದರೆ ಬಟ್ಟೆ ಒಣಗುತ್ತದೆ.

ವಿಠ್ಠಲ ಮುಗಿಸಿ, ಕುದುರೆಗೊಂಬೆ ಮಂಟಪದ ದಾರಿಯಲ್ಲಿ ಪೂರ್ವಕ್ಕೆ ಬಂದರೆ ನಿಮ್ಮ ಬಸ್ಸು, ಅದರಲ್ಲಿ ಊಟ. ಬ್ಯಾಟರಿ ಗಾಡಿಯನ್ನು ಕಾಲುನೋವಿನ ಮಕ್ಕಳಿಗೆ ಬಿಡಿ.

ಮಧ್ಯಾಹ್ನ ಕಮಲಾಪುರದ ವಸ್ತುಸಂಗ್ರಹಾಲಯ. ಇದಕ್ಕೆ ಶುಕ್ರವಾರ ರಜೆ, ಪ್ರವಾಸದ ದಿನ ಗೊತ್ತುಮಾಡುವಾಗಲೇ ನೋಡಿಕೊಳ್ಳಿ. ಅಲ್ಲಿ ಇಡೀ ಹಂಪಿಯ ಗುಡ್ಡ, ಹೊಳೆ, ಗುಡಿಗಳ ದೊಡ್ಡ ಮಾದರಿ ಇದೆ. ಬೆಳಿಗ್ಗೆ ನಡೆದ ದಾರಿಯನ್ನು ಮಕ್ಕಳು ಅದರಲ್ಲಿ ಬೆರಳಿಟ್ಟು ಗುರುತಿಸಲಿ. ಮಾದರಿಯನ್ನು ಮೊದಲೇ ತೋರಿಸುವುದಕ್ಕಿಂತ ನಡೆದಮೇಲೆ ತೋರಿಸುವುದೇ ಸರಿ ಎಂದು ನಮ್ಮ ಅಭಿಪ್ರಾಯ.

ಅರಮನೆಯ ಆವರಣದಲ್ಲಿ ಹೆಚ್ಚಿನ ಶಾಲೆಗಳು ಕಮಲಮಹಲು ಮತ್ತು ಹನ್ನೊಂದು ಕೋಣೆಯ ಗಜಶಾಲೆಗೆ ಓಡುತ್ತವೆ. ಅವು ಇಡಿಯಾಗಿ ಉಳಿದಿರುವುದರಿಂದ ಕಣ್ಣಿಗೆ ಹಿತ. ಆದರೆ ಸಮಯ ಕಡಿಮೆಯಿದ್ದರೆ ಮೊದಲು ಮೆಟ್ಟಿಲು ಪುಷ್ಕರಣಿಗೆ ಹೋಗಿ. ಮಣ್ಣಿನಡಿ ಮುಚ್ಚಿಹೋಗಿದ್ದ ಇದು 1980ರ ದಶಕದ ಉತ್ಖನನದಲ್ಲಿ ಹೊರಬಂತು. ಸುತ್ತಲೂ ಬಿಳಿ ಗ್ರಾನೈಟು, ಇದೊಂದು ಮಾತ್ರ ಕಪ್ಪು ಬಳಪದ ಕಲ್ಲು. ಕಲ್ಲುಗಳ ಮೇಲೆ ಸಣ್ಣ ಅಕ್ಷರಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂದು ಜೋಡಿಸುವವರಿಗೆ ತಿಳಿಯಲು ಹಾಕಿದ ಗುರುತು ಅವು. ಕಲ್ಲನ್ನು ಬೇರೆಡೆ ಕೆತ್ತಿ, ಗುರುತು ಹಾಕಿ, ತಂದು ಕೂಡಿಸಿದ್ದಾರೆ ಎಂದು ಮಕ್ಕಳೇ ಲೆಕ್ಕ ಹಾಕಬಲ್ಲರು. ಪುಷ್ಕರಣಿಯ ಕಡೆಗೆ ಬರುವ ಕಲ್ಲುದೋಣಿಯ ಕಾಲುವೆಯನ್ನು ಹಿಮ್ಮುಖವಾಗಿ ಹಿಂಬಾಲಿಸಿ. ಕಂಬಗಳ ಮೇಲೆ ಕೂರಿಸಿದ ಒಂದೊಂದು ಕಲ್ಲುದೋಣಿಯೂ ಮುಂದಿನದಕ್ಕೆ ಬಾಯಿ ಕೂಡುತ್ತದೆ, ಇಳುಕಲು ಕಣ್ಣಿಗೆ ಕಾಣದಷ್ಟು ಸಣ್ಣದು. ಕಮಲಾಪುರದ ಕೆರೆಯ ನೀರು ಹೀಗೆ, ಪಂಪಿಲ್ಲದೆ, ಅರಮನೆಯ ಕೊಳಗಳಿಗೆ ಬರುತ್ತಿತ್ತು. ಒಂದು ಬಾಟಲಿ ನೀರನ್ನು ನೆಲದ ಮೇಲಿನ ಚರಂಡಿಗಲ್ಲಿನಲ್ಲಿ ಸುರಿದು ಎತ್ತ ಹರಿಯುತ್ತದೆ ನೋಡಿ ಎಂದರೆ ಸಾಕು, ಐನೂರು ವರ್ಷದ ಹಿಂದಿನ ಮಟ್ಟಗೋಲು ಎಷ್ಟು ಸರಿಯಿತ್ತೆಂದು ತಿಳಿಯುತ್ತದೆ.

ಪಕ್ಕದ ಮಹಾನವಮಿ ದಿಬ್ಬದ ಮೇಲೆ ಹತ್ತುವ ಮೊದಲು ಸುತ್ತಲಿನ ಉಬ್ಬುಶಿಲ್ಪ ನೋಡಿಸಿ. ಕುದುರೆ ಮಾರಲು ಬಂದ ಪರದೇಶಿಗಳು, ಬೇಟೆ, ಕೋಲಾಟ, ಆನೆ ಎಲ್ಲ ಅಲ್ಲಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಮಹಾನವಮಿಯ ಹಬ್ಬವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಜಾರರಾಮನ ಗುಡಿಯಲ್ಲಿ ರಾಮಾಯಣ ಗೋಡೆಯ ಮೇಲೆ ಮೂರು ಸಾಲಿನಲ್ಲಿ ಹರಡಿದೆ. ಪ್ರದಕ್ಷಿಣೆ ಬರುತ್ತ ಒಂದು ಸುತ್ತಿಗೆ ಒಂದು ಸಾಲು ಓದಬೇಕು. ಅಡ್ಡಾದಿಡ್ಡಿ ನೋಡಿದರೆ ಕಥೆ ಸಿಗುವುದಿಲ್ಲ.

ಎರಡನೆಯ ದಿನ ಉಳಿಯುವವರು ಬೆಳಿಗ್ಗೆ ಕಡಲೆಕಾಳು, ಸಾಸಿವೆಕಾಳು ಗಣಪರನ್ನು ನೋಡಿ, ಉದಯಗಿರಿ ಗೆದ್ದು ತಂದ ಬಾಲಕೃಷ್ಣನಿಗೆ ಕೃಷ್ಣದೇವರಾಯ ಕಟ್ಟಿಸಿದ ಗುಡಿ, 1528ರ ಉಗ್ರನರಸಿಂಹ, ಅದರ ಪಕ್ಕದ ಬಡವಿಲಿಂಗಕ್ಕೆ ಬರಲಿ. ಲಿಂಗದ ಬುಡದಲ್ಲಿ ಸದಾ ನಿಂತಿರುವುದು ಕಾಲುವೆಯ ನೀರು. ‘ತುರ್ತು’ ಎಂಬ ಹೆಸರಿನ ಈ ಕಾಲುವೆ ವಿಜಯನಗರದ ಕಾಲದ್ದು, ಇವತ್ತಿಗೂ ಹರಿಯುತ್ತಿದೆ, ಸುತ್ತಲಿನ ಬಾಳೆ, ಭತ್ತ, ಕಬ್ಬಿಗೆ ಅದೇ ಆಧಾರ. ಹಂಪಿಯಲ್ಲಿ ಪಾಳಾಗದೆ ಕೆಲಸ ಮಾಡುತ್ತಿರುವ ಕಟ್ಟಡ ಯಾವುದು ಎಂದು ಮಕ್ಕಳನ್ನು ಕೇಳಿ, ಈ ಕಾಲುವೆಯ ಮುಂದೆ ನಿಲ್ಲಿಸಿ.

ಒಂದೇ ದಿನವಿದ್ದರೆ ಡ್ಯಾಮಿನ ಕಾರಂಜಿಯನ್ನೂ ಅಂಜನಾದ್ರಿಯನ್ನೂ ಕೈಬಿಡಿ. ಅಂಜನಾದ್ರಿಗೆ 575 ಮೆಟ್ಟಿಲು, ನದಿಯ ಆಚೆ ಬೇರೆ. ಬಸ್ಸು ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಬೇಕು. ಹೋಗಿ ಬರುವಷ್ಟರಲ್ಲಿ ಅರ್ಧ ದಿನ. ಡಿಸೆಂಬರಿನಲ್ಲಿ ಆರರೊಳಗೆ ಹೊತ್ತು ಮುಳುಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಕೊನೆಗೆ ನದಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ಸ್ನಾನಘಟ್ಟದಲ್ಲಿಯೂ ಬೇಡ, ಸಣಾಪುರದ ಕೆರೆಯಲ್ಲಿಯೂ ಬೇಡ. ಮೇಲಿಂದ ಮೊಣಕಾಲುದ್ದ ಕಾಣುವ ನೀರಿನಲ್ಲಿ ಬಂಡೆಗಳ ನಡುವೆ ಆಳು ಮುಳುಗುವ ಮಡುಗಳಿವೆ. ಕಲ್ಲಿನ ಮೇಲೆ ಪಾಚಿ. ಕಾಲು ಜಾರಿದವರನ್ನು ಸುಳಿ ಬಂಡೆಯ ಅಡಿಗೆ ಎಳೆಯುತ್ತದೆ, ಈಜು ಬಲ್ಲವರನ್ನೂ ಸಹ. ಹರಿಗೋಲು ಹತ್ತಿಸುವುದಾದರೆ ಎಲ್ಲರಿಗೂ ಲೈಫ್ ಜಾಕೆಟ್ ಇದ್ದರೆ ಮಾತ್ರ. ಬುಟ್ಟಿಯೊಳಗೆ ಯಾರೂ ಎದ್ದು ನಿಲ್ಲಬಾರದು, ಗಿರಗಿರ ತಿರುಗಿಸಿ ಎಂದು ಅಂಬಿಗರನ್ನು ಒತ್ತಾಯಿಸಬಾರದು. ಪಾಯಸ್ ಕಂಡ ಹರಿಗೋಲಿಗೆ ಬಿದಿರಿನ ಹೊರಗೆ ಚರ್ಮದ ಹೊದಿಕೆಯಿತ್ತು, ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ. ಈಗಿನವು ಚಿಕ್ಕವು, ಹೆಚ್ಚು ಜನ ಹತ್ತಿದರೆ ಅಂಚು ನೀರಿಗೆ ತಾಗುತ್ತದೆ.

ನೀರಿನ ಮಟ್ಟ ನಿರ್ಧಾರವಾಗುವುದು ಹಂಪಿಯಲ್ಲಲ್ಲ, ಮೇಲ್ಗಡೆಯ ಅಣೆಕಟ್ಟಿನಲ್ಲಿ. ಅದರ 33 ಕ್ರಸ್ಟ್ ಗೇಟುಗಳಿಂದ ನದಿಗೆ ಬಿಡುವ ನೀರು ಲಕ್ಷ ಕ್ಯೂಸೆಕ್ ದಾಟಿದಾಗ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಹೊಳೆ ಯಾರ ವೇಳಾಪಟ್ಟಿಯನ್ನೂ ಕೇಳಲಿಲ್ಲ. ಆದ್ದರಿಂದ ಸಂಬಂಧಪಟ್ಟವರಲ್ಲಿ ಒಂದು ಬೇಡಿಕೆ: ಹಂಪಿಯ ಸ್ನಾನಘಟ್ಟ, ಚಕ್ರತೀರ್ಥ, ತಳವಾರಘಟ್ಟ ಈ ಮೂರು ಕಡೆ ಆ ದಿನ ನದಿಗೆ ಎಷ್ಟು ನೀರು ಬಿಟ್ಟಿದ್ದಾರೆಂದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದ ಹಲಗೆ ಇಡಲಿ. ದಿನಕ್ಕೆರಡು ಸಲ ಸೀಮೆಸುಣ್ಣದಲ್ಲಿ ತಿದ್ದಿದರೂ ಸಾಕು.

ತಮ್ಮಲ್ಲಿ ಇನ್ನೊಂದು ವಿನಂತಿ. ಜಲಾಶಯಗಳ ಪಟ್ಟಿಯಲ್ಲಿ ಪತ್ರಿಕೆಗಳು ಒಳಹರಿವು, ಹೊರಹರಿವು ಎಂದು ಎರಡು ಅಂಕಿ ಕೊಡುತ್ತವೆ. ತುಂಗಭದ್ರೆಯ ಹೊರಹರಿವೆಂದರೆ ಎಡದಂಡೆ, ಬಲದಂಡೆ ಕಾಲುವೆಗಳಿಗೆ ಹೋಗುವ ನೀರೂ ಸೇರಿದ ಮೊತ್ತ. ಚಳಿಗಾಲದಲ್ಲಿ ಆ ಅಂಕಿಯ ಹೆಚ್ಚಿನ ಪಾಲು ಕಾಲುವೆಯದ್ದು, ಮಳೆಗಾಲದಲ್ಲಿ ನದಿಯದ್ದು. ಇದರಿಂದ ಶಿಕ್ಷಕರು ಒಮ್ಮೆ ಸುಮ್ಮನೆ ಹೆದರಿ ಪ್ರವಾಸ ಬಿಡುತ್ತಾರೆ, ಇನ್ನೊಮ್ಮೆ ಹೆದರಬೇಕಾದಾಗ ಹೆದರುವುದಿಲ್ಲ. ಆಗಸ್ಟಿನಿಂದ ಜನವರಿಯವರೆಗಾದರೂ ತುಂಗಭದ್ರೆಯ ಸಾಲಿನಲ್ಲಿ ‘ನದಿಗೆ’ ಎಂಬ ಮೂರನೆಯ ಅಂಕಿಯನ್ನು ಬೇರೆಯಾಗಿ ಅಚ್ಚುಹಾಕಬೇಕೆಂದು ಕೇಳಿಕೊಳ್ಳುತ್ತೇವೆ.

ಇಂತಿ,
ಹಂಪಿಯ ಕೆಲವು ಪ್ರವಾಸಿ ಮಾರ್ಗದರ್ಶಿಗಳು, ಕಮಲಾಪುರ